ಮೂಲೆಯ ಕೆಂಪು ಚುಕ್ಕೆ

ಪೇಂಟರ್ ಮೌಲಾಸಾಬ ಏನನ್ನೇ ನೋಡಿದರೂ ಒಂದು ಕಣ್ಣು ಮುಚ್ಚಿಯೇ ನೋಡುತ್ತಿದ್ದ. ಅಂಗಡಿಯ ಬೋರ್ಡಾಗಲಿ, ಟ್ರ್ಯಾಕ್ಟರಾಗಲಿ, ನಾನು ಕೊಟ್ಟ ಚಹಾದ ಕಪ್ಪಾಗಲಿ. "ಎರಡೂ ಕಣ್ಣು ತೆರೆದ್ರ ಜಗಳ ಆಡತಾವ್ರಿ ಅಕ್ಕಾರ," ಎನ್ನುತ್ತಿದ್ದ.

ಕೊಲ್ಹಾರದ ನಮ್ಮ ಓಣಿಯ ತುದಿಯಲ್ಲಿ ಅವನ ಮನೆ. ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಕುಂಚಿಗೆ, ಬೆಳ್ಳಿ ಕಡಗ ತಂದರೆ, ಇವನು ಅಂಗೈಯಗಲದ ಹಲಗೆ ತಂದ. ಹಲಗೆಯ ತುಂಬ ಬೂದಿನೀಲಿ, ಮೇಲೊಂದು ಹಳದಿ ಗೆರೆ, ಮೂಲೆಯಲ್ಲಿ ಕೆಂಪು ಚುಕ್ಕೆ. ಅಷ್ಟೇ.

"ಇದೇನೋ?"

"ಚಿತ್ರರಿ."

"ಯಾತರದು?"

"ನೋಡ್ರಿ, ಕಾಣತೈತಿ."

ನನಗೆಲ್ಲಿ ಕಾಣಬೇಕು! ಹಳದಿ ಜೋಳದ ರಾಶಿ ಅಂದುಕೊಂಡೆ, ನೀಲಿ ಹಿನ್ನೀರು ಅಂದುಕೊಂಡೆ. ಆ ಚುಕ್ಕೆ ಮಾತ್ರ ಯಾವುದಕ್ಕೂ ಹೊಂದಲೊಲ್ಲದು. ತಲೆಕೆಳಗಾಗಿ ತೂಗುಹಾಕಿದೆ. ಅಡುಗೆಮನೆಗೆ ಒಯ್ದೆ, ಮತ್ತೆ ಪಡಸಾಲೆಗೆ ತಂದೆ. ನಾಳೆ ಕೂಸು ಮಾತು ಕಲಿತು "ಇದೇನು?" ಎಂದರೆ, ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಏನು ಹೇಳಲಿ? ಹಿಟ್ಟಿನ ಕೈಯಲ್ಲೇ ಅವನ ಬಾಗಿಲಿಗೆ ಓಡಿದೆ.

"ರೊಟ್ಟಿ ಬಡೀತೀರಲ್ಲ, ಅದರ ಅರ್ಥ ಏನಂತ ಯಾರರ ಕೇಳ್ಯಾರೇನ್ರಿ?" ಎಂದ.

"ರೊಟ್ಟಿ ತಿಂದ್ರ ಹೊಟ್ಟಿ ತುಂಬತೈತೋ ಖೋಡಿ! ನಿನ್ನ ಚಿತ್ರದಿಂದ ನನ್ನ ನಿದ್ದಿ ಹೋಗೇತಿ."

ಒಂದು ಕಣ್ಣು ಮುಚ್ಚಿ ನಕ್ಕ. "ಹಂಗಾರ ಅದು ಕೆಲಸ ಮಾಡಾಕತ್ತೈತಿ."

ಕೂಸು ತೊದಲು ಮಾತು ಕಲಿತ ಮೇಲೆ ಒಂದು ಮಧ್ಯಾಹ್ನ ನನ್ನ ಕಂಕುಳಲ್ಲಿ ಕೂತು ಆ ಚುಕ್ಕೆಯ ಮೇಲೆ ಬೆರಳಿಟ್ಟಿತು. ಬಂತು ಆ ಪ್ರಶ್ನೆ ಅಂದುಕೊಂಡೆ. ಕೇಳಲಿಲ್ಲ ನನ್ನ ಬಂಗಾರ, ತಾನೇ ಹೇಳಿತು. ಅದೇ ಬೆರಳನ್ನು ನನ್ನ ಹಣೆಯ ಕುಂಕುಮಕ್ಕೆ ತಾಗಿಸಿ, "ಆಯಿ, ನೀ!" ಎಂದಿತು.

ಎತ್ತಿಕೊಂಡೇ ಓಡಿದೆ. ಮೌಲಾಸಾಬ ಹಾಸಿಗೆ ಹಿಡಿದಿದ್ದ. ಸುದ್ದಿ ಕೇಳಿ ಎದ್ದು ಕೂತು, ಮೊದಲ ಸಲ ಎರಡೂ ಕಣ್ಣು ತೆರೆದು ನನ್ನನ್ನು ನೋಡಿದ. "ಖರೇ ಹೇಳ್ತೇನ್ರಿ ಅಕ್ಕಾರ, ಚಿತ್ರ ತಗೀವಾಗ ನಿಮ್ಮ ನೆನಪ ಇರಲಿಲ್ಲ. ಈಗ ನೋಡಿದ್ರ, ನೀವಲ್ದ ಬ್ಯಾರೆ ಯಾರೂ ಅಲ್ಲ ಅದು."

ಅದೇ ಕೊನೆಯ ಭೇಟಿ. ಮುಂದಿನ ಅಮಾವಾಸ್ಯೆಯನ್ನು ಅವನು ಕಾಣಲಿಲ್ಲ.

ಈಗ ಮೊಮ್ಮಗಳು ಸಾಲೆಗೆ ಹೋಗುತ್ತಾಳೆ. ನಿನ್ನೆ ಪಾಟಿಚೀಲ ಇಳಿಸುವ ಮೊದಲೇ ಹಲಗೆ ನೋಡುತ್ತ ನಿಂತು, "ಆಯಿ, ಅದು ನೀ ಅಲ್ಲ. ಹೊಳಿ ಆಚೀಕಡೆ ಯಾರೋ ದೀಪ ಹಚ್ಚ್ಯಾರ," ಎಂದಳು. ಎಲಾ ಇವಳ! ಹಿಗ್ಗು ತಡೆಯಲಾರದೆ ಅಂಗಳಕ್ಕೆ ಇಳಿದೆ, ಅವನಿಗೆ ಹೇಳಬೇಕೆಂದು. ಒಂದು ಕಾಲು ಚಪ್ಪಲಿಗೆ ತೂರಿಸಿದ ಮೇಲೆ ನೆನಪಾಯಿತು.