ನಾನು ನೋಡದ ಪಾದ

ಬಸವಕಲ್ಯಾಣದಿಂದ ಹುಮನಾಬಾದ್ ಕಡೆ ಹೋಗುವ ಬಸ್ಸಿನಲ್ಲಿ ಕೂತು, ನಡುವೆ ಹೆದ್ದಾರಿಯಲ್ಲಿ ಇಳಿದು, ಒಳಗೆ ಒಂದು ಮೈಲಿ ನಡೆದರೆ ನಾನು ಕೆಲಸ ಮಾಡುವ ಊರು. ಎರಡು ಕೋಣೆಯ ಆರೋಗ್ಯ ಕೇಂದ್ರಕ್ಕೆ ನಾನೊಬ್ಬಳೇ ನರ್ಸ್. ಡಾಕ್ಟರಿಲ್ಲ. ಸೋಮವಾರ ಮಾತ್ರ ಟ್ಯಾಬಿನ ಪರದೆಯ ಮೇಲೆ ಒಬ್ಬ ಡಾಕ್ಟರಮ್ಮ ಬರುತ್ತಾರೆ. ಅವರು ಇರುವುದು ಮೈಸೂರು ಕಡೆ. ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚಿ, ರಕ್ತ ನೋಡಿ, ಬಿ.ಪಿ. ಬರೆದುಕೊಂಡು, ಒಬ್ಬೊಬ್ಬರನ್ನೇ ಆ ಪರದೆಯ ಮುಂದೆ ಕೂರಿಸುವುದು ನನ್ನ ಕೆಲಸ.

ಊರಿನ ಟೇಲರ್ ಕಾಕಾ ಮೊದಮೊದಲು ಬರಲಿಲ್ಲ. "ಟಿವ್ಯಾಗಿನ ಡಾಕ್ಟರ್ ನಾಡಿ ಹ್ಯಾಂಗ ಹಿಡೀತಾರ್ರಿ?" ಎಂದು ನಗುತ್ತಿದ್ದರು. ಹುಮನಾಬಾದಿಗೆ ಹೋಗಿ ದಿನವಿಡೀ ಸಾಲಿನಲ್ಲಿ ನಿಲ್ಲುವುದು ಬೇಸರವಾದ ಮೇಲೆ ಬಂದರು. ಆಮೇಲೆ ಒಂದು ಸೋಮವಾರವೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಪರದೆಯಲ್ಲಿ ಡಾಕ್ಟರ ಮುಖ ಕಂಡ ಕೂಡಲೇ ಎದ್ದು ನಿಂತು ಕೈಮುಗಿಯುತ್ತಿದ್ದರು. ಆಗ ಡಾಕ್ಟರಿಗೆ ಕಾಣುತ್ತಿದ್ದುದು ಅವರ ಅಂಗಿಯ ಗುಂಡಿಗಳು ಮಾತ್ರ. ಗುಳಿಗೆ ಸರಿಯಾಗಿ ನುಂಗಿದರು, ಚಹಾಕ್ಕೆ ಸಕ್ಕರೆ ಬಿಟ್ಟರು. ರಕ್ತದ ಸಕ್ಕರೆ ಇಳಿಯಿತು. ನನಗೂ ಹೆಮ್ಮೆಯಾಯಿತು.

ಒಂದು ಸೋಮವಾರ ಡಾಕ್ಟರು ಕೇಳಿದರು, "ಕಾಲು ಉರಿಯುತ್ತೆ ಅಂತಿದ್ರಲ್ಲ, ಈಗ ಹೇಗಿದೆ?"

"ಅದು ಬಿಟ್ಟೇ ಹೋಗ್ಯಾದ್ರಿ. ಈಗ ಏನೂ ಗೊತ್ತೇ ಆಗಂಗಿಲ್ಲ. ಭಾಳ ಆರಾಮ ಅದ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಏನೂ ಗೊತ್ತಾಗಲ್ವಾ? ಪಾದ ಸ್ವಲ್ಪ ಎತ್ತಿ ತೋರಿಸಿ ಯಜಮಾನ್ರೇ, ಅಂಗಾಲು ನೋಡ್ಬೇಕು."

ಕಾಕಾ ಕಾಲುಗಳನ್ನು ಸ್ಟೂಲಿನ ಕೆಳಗೆ ಎಳೆದುಕೊಂಡರು. "ಅಷ್ಟು ಓದಿದವರ ಮಾರಿಗಿ ಕಾಲು ಒಡ್ಡಲೇನ್ರಿ? ಅದೊಂದು ಹೇಳಬ್ಯಾಡ್ರಿ. ನನ್ನಿಂದ ಆಗಂಗಿಲ್ಲ."

"ಕಾಕಾ, ಅವರೇ ಕೇಳಾಕತ್ತಾರಲ್ಲ, ತೋರಸ್ರಿ," ಎಂದೆ ನಾನು.

"ಬ್ಯಾಡ್ರಿ ಅಕ್ಕೋರ. ಕಾಲಿಗಿ ಏನೂ ಆಗಿಲ್ಲ."

ಬೆಂಚಿನ ಮೇಲೆ ಇನ್ನೂ ಹದಿನಾಲ್ಕು ಮಂದಿ ಇದ್ದರು. ಮಧ್ಯಾಹ್ನವಾದರೆ ನೆಟ್‌ವರ್ಕ್ ಕೈಕೊಡುತ್ತಿತ್ತು. ಡಾಕ್ಟರು ನನ್ನನ್ನೇ ಕೇಳಿದರು, "ಸಿಸ್ಟರ್, ನೀವು ನೋಡಿದ್ದೀರಾ?"

"ನೋಡೀನಿ ಮೇಡಂ. ಸರಿ ಇದೆ," ಎಂದುಬಿಟ್ಟೆ.

ಚಪ್ಪಲಿಯೊಳಗಿನ ಪಾದದ ಮೇಲ್ಭಾಗವನ್ನಷ್ಟೇ ನೋಡಿದ್ದೆ. ಆಮೇಲೆ ಕಾಕಾರ ಮನೆಗೇ ಹೋಗಿ ನೋಡಿದರಾಯಿತು ಅಂದುಕೊಂಡೆ. ಆ ವಾರ ಲಸಿಕೆ ಕೆಲಸ, ಮರುವಾರ ಬಸವಕಲ್ಯಾಣದಲ್ಲಿ ಸಭೆ. ಹೋಗಲಿಲ್ಲ.

ಮುಂದಿನ ಸೋಮವಾರ ಕಾಕಾ ಬಂದರು. ಸಕ್ಕರೆ ಚೆನ್ನಾಗಿತ್ತು. ಕಾಲಿನ ಮಾತು ಡಾಕ್ಟರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದೇ ವಾರ, ಗುರುವಾರ ಬೆಳಿಗ್ಗೆ, ಅವರ ಹೆಂಡತಿ ಓಡಿಬಂದರು.

"ಮನ್ಯಾಗ ಎರಡು ದಿನದಿಂದ ನಾತ ಹೊಡ್ಯಾಕತ್ತಿತ್ರಿ. ಇಲಿ ಸತ್ತದೇನೋ ಅಂತ ಮಿಷನ್ ಸರಿಸಿ ನೋಡಿದೆ. ಇಲಿ ಇಲ್ರಿ, ಇವರ ಕಾಲೇ."

ನಾನು ಅವರ ಮನೆಗೆ ಹೋದಾಗ ಕಾಕಾ ಹೊಲಿಗೆ ಯಂತ್ರದ ಮುಂದೆಯೇ ಕೂತಿದ್ದರು. ಬರಿಗಾಲಲ್ಲಿ ಪೆಡಲ್ ತುಳಿಯುವುದು ಅವರ ರೂಢಿ. ನಾನು ನೆಲದ ಮೇಲೆ ಕೂತು ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಈ ಸಲ ಅವರು ತಡೆಯಲಿಲ್ಲ. ಕಿರುಬೆರಳಿನ ಬುಡ ಕಪ್ಪಾಗಿತ್ತು, ಕೀವು ತುಂಬಿತ್ತು. ಅದರ ನಡುವೆ ಮುರಿದ ಸೂಜಿಯ ತುಂಡು. ಯಾವಾಗ ಹೊಕ್ಕಿತೋ ಅವರಿಗೆ ತಿಳಿದಿರಲಿಲ್ಲ. ನಾನು ಮುಟ್ಟಿದ್ದೂ ತಿಳಿಯುತ್ತಿರಲಿಲ್ಲ.

ಅಲ್ಲಿಂದಲೇ ಡಾಕ್ಟರಿಗೆ ವಿಡಿಯೋ ಕರೆ ಮಾಡಿದೆ. ಅವರು ಒಂದೇ ನೋಟ ನೋಡಿ, "ಈಗಲೇ ದೊಡ್ಡ ಆಸ್ಪತ್ರೆಗೆ ಕಳಿಸಿ," ಎಂದರು. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಹುಮನಾಬಾದಿನಲ್ಲಿ ಬ್ಯಾಂಡೇಜು ಕಟ್ಟಿ ಬೀದರಿಗೆ ಕಳಿಸಿದರು. ಅಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು.

ಅದಾದ ಮೊದಲ ಸೋಮವಾರ, ಬೆಂಚಿನವರೆಲ್ಲ ಹೋದ ಮೇಲೆ, ಡಾಕ್ಟರಿಗೆ ನಿಜ ಹೇಳಿದೆ. ಅವರು ಅಂದರು, "ಇಲ್ಲಿಂದ ನನಗೆ ಏನೂ ಕಾಣಲ್ಲ ಸಿಸ್ಟರ್. ಅದಕ್ಕೇ ನಿಮ್ಮನ್ನ ಕೇಳಿದ್ದು." ಬೈದಿದ್ದರೆ ಹಗುರಾಗುತ್ತಿತ್ತು.

ಕಾಕಾ ಮನೆಗೆ ಮರಳಿದ ಮೇಲೆ ಅವರಿಗೂ ಹೇಳಲು ಹೋದೆ. ನಾನು ಬಾಯಿ ತೆರೆಯುವ ಮೊದಲೇ, ನೋಡಲು ಬಂದ ನೆರೆಯವರಿಗೆ ಅವರು ಹೇಳುತ್ತಿದ್ದರು, "ಅಕ್ಕೋರದು ಏನೂ ತಪ್ಪಿಲ್ರಿ. ಅವರು ತೋರಸ್ರಿ ತೋರಸ್ರಿ ಅಂದ್ರು. ನಾನೇ ಒಲ್ಲೆ ಅಂದೆ."

ಎಲ್ಲರೂ ಎದ್ದು ಹೋಗುವವರೆಗೆ ಕಾದೆ. "ಕಾಕಾ, ನಾನು ನೋಡದೇ ನೋಡೀನಿ ಅಂತ ಡಾಕ್ಟರಿಗಿ ಸುಳ್ಳು ಹೇಳಿದ್ದೆ."

ಅವರು ನನ್ನ ಮುಖ ನೋಡಿದರು. "ಯಾಕ್ರಿ?"

ಮಂದಿ ಬಹಳ ಇದ್ದರು ಎನ್ನಲು ನಾಚಿಕೆಯಾಯಿತು. ಅವರ ಹೆಂಡತಿ ಚಹಾ ತಂದಿಟ್ಟರು. ಮೂವರೂ ಕುಡಿದೆವು.

ಈಗ ಸೋಮವಾರ ಟ್ಯಾಬ್ ತೆರೆಯುವ ಮೊದಲು ಎಲ್ಲರ ಅಂಗಾಲು ನಾನೇ ನೋಡುತ್ತೇನೆ. ಕೆಲವರು ನಾಚುತ್ತಾರೆ, ಕೆಲವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಎದ್ದು ಹೋದವರ ಹೆಸರಿನ ಮುಂದೆ 'ನೋಡಿಲ್ಲ' ಎಂದೇ ಬರೆಯುತ್ತೇನೆ.

ಕಾಕಾ ಈಗ ಬರುವುದು ಕಡಿಮೆ. ಯಂತ್ರಕ್ಕೆ ಮೋಟರ್ ಹಾಕಿಸಿಕೊಂಡಿದ್ದಾರೆ. ಬೂಟು ಹಾಕಿಕೊಂಡೇ ಹೊಲಿಯುತ್ತಾರೆ. ಬಸ್ಸಿಗೆ ಹೋಗುವ ದಾರಿಯಲ್ಲಿ ನಾನೇ ಅವರ ಮನೆಗೆ ಹೋಗಿ ಕಾಲು ನೋಡುತ್ತೇನೆ. ಹೋದ ವಾರ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಬಿರುಕು ಕಂಡಿತು, ಅಂಚಿನಲ್ಲಿ ಸ್ವಲ್ಪ ಕೆಂಪು.

"ಡಾಕ್ಟರಿಗಿ ಹೇಳಬ್ಯಾಡ್ರಿ," ಎಂದರು. "ಮತ್ತ ಬೀದರ್ ಅಂತಾರ."

"ಹೇಳಬೇಕಾಗ್ತದ ಕಾಕಾ."

ಅವರು ಸೀಮೆಸುಣ್ಣ ಎತ್ತಿಕೊಂಡು ಬಟ್ಟೆಯ ಮೇಲೆ ಗೆರೆ ಎಳೆಯತೊಡಗಿದರು. ನಾನು ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಹೊರಡುತ್ತೇನೆಂದರೂ ಅವರು ತಲೆ ಎತ್ತಲಿಲ್ಲ.