ಬಿಗಿಯಾದ ಬೇಸ್, ಬಿಡುವಾದ ದನಿ

೨೦೦೬ರಲ್ಲಿ ನಾನು ರಾಣೆಬೆನ್ನೂರಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಗಾಜಿನ ವಾಲ್ವುಗಳಿರುವ ಹಳೇ ಸೆಟ್ ಬಿಚ್ಚಿ ರಿಪೇರಿ ಮಾಡುವವರು ಸುತ್ತಲಿನ ಊರುಗಳಲ್ಲಿ ಆಗಲೇ ಕಡಿಮೆಯಾಗಿದ್ದರು. ಹಾಗಾಗಿ ಬ್ಯಾಡಗಿಯ ಮಂಜುನಾಥ ತನ್ನ ಗಿಟಾರ್ ಆಂಪ್ಲಿಫೈಯರನ್ನು ಟೆಂಪೋದಲ್ಲಿ ಹೇರಿಕೊಂಡು ನನ್ನಲ್ಲಿಗೆ ಬಂದ. ಜೊತೆಗೆ ಹೆಂಡತಿ ಸುಜಾತಾ. ಮದುವೆಮನೆಗಳಿಗೆ ಹೋಗುವ ಅವರ ಆರ್ಕೆಸ್ಟ್ರಾದಲ್ಲಿ ಅವನದು ಗಿಟಾರು, ಅವಳದು ಹಾಡು.

"ದಪ್ಪ ತಂತಿ ಹೊಡದ್ರ ಎಲ್ಲಾ ರಾಡಿ ಆಗತೈತ್ರಿ. ಬೇಸ್ ಗುಂಡಿ ಪೂರಾ ಇಳಿಸಿದ್ರೂ ಅಷ್ಟ," ಎಂದ.

ಸುಜಾತಾ ಮಾತಾಡಿದಾಗ ದನಿ ಒಡೆದಿತ್ತು. "ಆ ಗದ್ದಲದಾಗ ಒದರಿ ಒದರಿ ಗಂಟಲಾ ಬಾತೈತ್ರಿ ಕಾಕಾ. ಡಾಕ್ಟ್ರು ಸುಮ್ಮನಿರು ಅಂದಾರ. ಹಿಂಗ ಆದ್ರ ನಾ ಹಾಡೂದ ಬಿಡ್ತೇನಿ." ಮಂಜುನಾಥ ತಲೆ ತಗ್ಗಿಸಿದ.

ಅವಳದು ಮೊದಲಿನಿಂದಲೂ ತಗ್ಗು ಶ್ರುತಿಯ ದನಿ. ಗಿಟಾರಿನ ಗುಂಯ್‌ಗುಡುವ ಬೇಸ್ ಸರಿಯಾಗಿ ಅದರ ಮೇಲೆಯೇ ಬಂದು ಕೂಡುತ್ತಿತ್ತು.

ಅದು ಹೈ-ಗೇನ್ ಸೆಟ್. ತಂತಿಯ ಸಣ್ಣ ಸಿಗ್ನಲ್ಲನ್ನು ಒಂದು ವಾಲ್ವಿನಿಂದ ಇನ್ನೊಂದಕ್ಕೆ ದಾಟಿಸುತ್ತ, ಗುಡುಗುವ ತನಕ ಹಿಗ್ಗಿಸುತ್ತದೆ. ಮೊದಲೇ ಬೇಸ್ ತುಂಬಿ ಬಂದರೆ ಮುಂದಿನ ವಾಲ್ವುಗಳು ಉಸಿರುಗಟ್ಟಿ, ಒಂದು ಸ್ವರ ಮತ್ತೊಂದರೊಳಗೆ ಕಲಸಿಹೋಗುತ್ತದೆ. ಬೇಸ್ ಗುಂಡಿ ಇರುವುದು ಇದೆಲ್ಲ ಆದ ಮೇಲೆ; ಕಲಸಿದ್ದನ್ನು ಅದು ಬೇರ್ಪಡಿಸಲಾರದು. ಹಿಗ್ಗಿಸುವ ಮೊದಲೇ ಬೇಸನ್ನು ಸೋಸಬೇಕು.

ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿದೆ. ಮೊದಲ ಎರಡು ಹಂತಗಳ ನಡುವೆ ಇದ್ದ ೨೨ ನ್ಯಾನೋಫ್ಯಾರಡ್ ಕೆಪಾಸಿಟರ್ ತೆಗೆದು ೪.೭ರದ್ದು ಬೆಸೆದೆ. ಮೊದಲ ವಾಲ್ವಿನ ಕ್ಯಾಥೋಡ್ ಎಂಬ ಕಾಲಿಗೂ ಚಿಕ್ಕ ಕೆಪಾಸಿಟರನ್ನೇ ಹಾಕಿದೆ. ಕೆಪಾಸಿಟರ್ ಚಿಕ್ಕದಾದಷ್ಟೂ ಅದು ದಾಟಿಸುವ ಬೇಸ್ ಕಡಿಮೆ.

ಮಂಜುನಾಥ ನಾಲ್ಕು ಸಲ ತಂತಿ ಮೀಟಿ ಮುಖ ಸಪ್ಪಗೆ ಮಾಡಿದ. "ಇದೇನ್ರಿ, ಸಣ್ಣ ಆಗೇತಿ! ಮೊದಲಿನ ಗತ್ತೇ ಇಲ್ಲ. ವಾಪಸ್ ಹಾಕಿ ಕೊಡ್ರಿ."

ನನಗೂ ಅಳುಕಾಯಿತು. ಆದರೂ ಹೇಳಿದೆ: "ಒಬ್ಬನ ಬಾರಿಸಿ ತೀರ್ಮಾನ ಮಾಡಬ್ಯಾಡೋ. ಎಲ್ಲಾರ ಕೂಡ ಬಾರಿಸಿ ನೋಡು. ಆಮ್ಯಾಲೂ ಬ್ಯಾಡ ಅಂದ್ರ ತಗೊಂಡು ಬಾ."

ಮನಸ್ಸಿಲ್ಲದೆ ಒಯ್ದ. ಸುಜಾತಾ ಹಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಪ್ರ್ಯಾಕ್ಟೀಸ್ ಇಟ್ಟುಕೊಂಡು ನನ್ನನ್ನೂ ಕರೆದ. ಡ್ರಮ್ಮು, ಕೀಬೋರ್ಡು, ಗಿಟಾರು ಒಟ್ಟಿಗೆ ಎದ್ದವು. ಗಿಟಾರಿನ ಒಂದೊಂದು ಹೊಡೆತವೂ ಡ್ರಮ್ಮಿನ ಜೊತೆ ಬಿಗಿಯಾಗಿ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಸುಜಾತಾ ಕುರ್ಚಿಯಲ್ಲಿ ಕೂತು, ಹೆದರುತ್ತಲೇ, ಮಾತಾಡಿದಷ್ಟು ಮೆತ್ತಗೆ ಹಾಡತೊಡಗಿದಳು. ಅರ್ಧಕ್ಕೇ ನಿಲ್ಲಿಸಿಬಿಟ್ಟಳು.

ಮಂಜುನಾಥ ಗಾಬರಿಯಾದ. "ಯಾಕ? ಮತ್ತ ಗಂಟಲಾ ನೋಯಾಕತ್ತೇತೇನು?"

"ಇಲ್ಲರಿ," ಅಂದಳು. ಕಣ್ಣು ತುಂಬಿದ್ದವು. "ನನ್ನ ದನಿ ನನಗ ಕೇಳಾಕತ್ತೇತಿ."

ಅವನು ಆಂಪ್ಲಿಫೈಯರಿನ ಹತ್ತಿರ ಹೋಗಿ, ತನ್ನ ವಾಲ್ಯೂಮನ್ನು ಇನ್ನಷ್ಟು ಇಳಿಸಿ ಬಂದು ನಿಂತ.

ಗಂಟಲು ಬಾತಾಗ ಹೋದ ಅವಳ ಎತ್ತರದ ಸ್ವರಗಳು ಮರಳಿ ಬರಲಿಲ್ಲ. ತಗ್ಗಿನ ಹಾಡುಗಳನ್ನೇ ಆರಿಸಿಕೊಂಡು ಹಾಡುತ್ತ ಹೋದಳು. ನಾನಂತೂ ಆಮೇಲೆ ಯಾವ ಸೆಟ್ಟನ್ನೂ ಅಂಗಡಿಯ ಟೇಬಲ್ ಮೇಲಷ್ಟೇ ಕೇಳಿ "ಸರಿಯಾಯ್ತು" ಅಂದಿಲ್ಲ. ಅದು ಯಾರ ಪಕ್ಕದಲ್ಲಿ ನುಡಿಯಬೇಕು ಎಂದು ಮೊದಲು ಕೇಳುತ್ತಿದ್ದೆ.