ಬಿಜಾಪುರ ನೋಡಿ ಬಂದ ಸೀರೆ

ಮೋಟಾರ್ ಸೈಕಲ್ಲಿಗೆ ಸಾಮಾನು ಜೋಡಿಸುವುದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವವರು ಇಲ್ಲ. ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಹೇಳಿಕೊಳ್ಳಲು ನನ್ನ ಹತ್ತಿರ ಬೇರೇನೂ ಹೆಚ್ಚಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಸೈಕಲ್ಲು ತುಳಿಯಲೂ ಬಾರದು. ಗಾಡಿಯ ಹಿಂದೆ ಕೂತು ನಾನು ಹೋದ ಅತಿ ದೂರದ ಊರು ಹಾಸನ. ಅದೂ ಆಸ್ಪತ್ರೆಗೆ, ಜ್ವರ ಬಂದ ನಿಮ್ಮ ಅಪ್ಪನನ್ನು, ಆಗಿನ್ನೂ ಮಗು, ಮಧ್ಯದಲ್ಲಿ ಕೂರಿಸಿಕೊಂಡು. ಅಂಥವಳು ದೂರದ ಪ್ರಯಾಣದ ಸಾಮಾನಿನ ಬಗ್ಗೆ ಬರೆಯುತ್ತಾಳೆ ಎಂದರೆ, ಮೊಮ್ಮಕ್ಕಳೇ, ನಿಮಗೆ ನಗು ಬಂದೀತು. ನಕ್ಕುಬಿಡಿ. ಆಮೇಲೆ ಓದಿ.

ಈ ಮಾತು ಎತ್ತಿಸಿದವಳು ನಿಮ್ಮಲ್ಲಿ ದೊಡ್ಡವಳಾದ ಭವ್ಯ. ಹಾಸನದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು, ದಸರಾ ರಜೆಗೆಂದು ಊರಿಗೆ ಬಂದಳು. ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು, "ಅಜ್ಜಿ, ತಾತ ಹೋಗ್ತಿದ್ದ ದಾರೀಲೇ ಬಿಜಾಪುರಕ್ಕೆ ಹೋಗ್ತೀನಿ, ಬೈಕಲ್ಲಿ. ಹತ್ತು ದಿನ," ಎಂದಳು. ನಾನು ಜಗಲಿಯ ಮೇಲೆ ಮುಸುಕಿನ ಜೋಳದ ಕಾಳು ಬಿಡಿಸುತ್ತಿದ್ದೆ. ಪಕ್ಕದಲ್ಲಿ ಕೂತು ಫೋನು ತೆಗೆದು ಚೀಲಗಳ ಚಿತ್ರ ತೋರಿಸತೊಡಗಿದಳು. ಮದುವೆಗೆ ಗಂಡು ತೋರಿಸುವಾಗಲೂ ನಮ್ಮ ಕಾಲದಲ್ಲಿ ಇಷ್ಟು ಫೋಟೋ ಇರುತ್ತಿರಲಿಲ್ಲ.

ಮೊದಲು ತೋರಿಸಿದ್ದು ತಗಡಿನ ಪೆಟ್ಟಿಗೆ. ಎರಡು ಪಕ್ಕಕ್ಕೆ ಎರಡು, ಹಿಂದಕ್ಕೊಂದು, ಮೂರಕ್ಕೂ ಬೀಗ.

"ಇದೇನೇ ಇದು, ಗಾಡಿಗೆ ಬೀರು ಕಟ್ಕಂಡು ಓಯ್ತೀಯಾ?" ಎಂದೆ.

"ಗಟ್ಟಿ ಇರುತ್ತೆ ಅಜ್ಜಿ. ಮಳೆ ನೀರು ಒಳಗೆ ಹೋಗಲ್ಲ."

"ನೀರು ಓಗಲ್ಲ ಸರಿ. ಬಿದ್ದಾಗ ಕಾಲು ಅದರಡೀಕೆ ಓದ್ರೆ?"

ಅವಳು ಫೋನಿನ ಮೇಲೆ ಬೆರಳು ಸರಿಸಿ ಮುಂದಿನ ಚಿತ್ರಕ್ಕೆ ಹೋದಳು. ಅದು ಬಟ್ಟೆಯದು, ಸೀಟಿನ ಮೇಲಿಂದ ಎರಡೂ ಕಡೆ ಇಳಿಬೀಳುವ ಜೋಡಿ ಚೀಲ. ಅದನ್ನು ನೋಡಿ ನನಗೆ ನನ್ನ ತವರಿನ ಅಗಸರ ಕತ್ತೆ ನೆನಪಾಯಿತು. ಕೆರೆಗೆ ಹೋಗುವಾಗ ಅದರ ಬೆನ್ನ ಮೇಲೆ ಹೀಗೆಯೇ ಜೋಡಿ ಗಂಟು. ಒಂದು ಕಡೆ ಒಂದು ಪಂಚೆ ಹೆಚ್ಚಾದರೂ ಕತ್ತೆ ಸುಮ್ಮನೆ ನಿಂತುಬಿಡುತ್ತಿತ್ತು. ಎಷ್ಟು ಹೊಡೆದರೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಗಾಡಿಗೆ ಆ ಬುದ್ಧಿ ಇಲ್ಲ, ಅದು ಓರೆಯಾಗಿಯೇ ಓಡುತ್ತದೆ. ಆದ್ದರಿಂದ ಕಟ್ಟುವವರಿಗೆ ಕತ್ತೆಯ ಬುದ್ಧಿ ಇರಬೇಕು. ಎರಡು ಚೀಲವನ್ನೂ ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ನಿಲ್ಲಿ. ಯಾವ ಭುಜ ಕೆಳಗೆ ಜಗ್ಗುತ್ತದೋ ಆ ಚೀಲದಿಂದ ಏನಾದರೂ ತೆಗೆಯಿರಿ. ನೀರು ಹೊತ್ತ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಭಾರವಾದದ್ದು ಕೆಳಗೆ, ಗಾಡಿಯ ಹೊಟ್ಟೆಗೆ ಹತ್ತಿರ. ಮಳೆ ಅಂಗಿ, ನೀರಿನ ಬಾಟ್ಲಿ ಮೇಲೆ, ಕೈಗೆ ಸಿಗುವ ಹಾಗೆ.

ಇದರಲ್ಲಿ ಕಟ್ಟುವ ಪಾಠ ಮಾತ್ರ ನಿಮ್ಮ ತಾತನದು. ಹೊಗೆಸೊಪ್ಪಿನ ಬೇಲು ಕಟ್ಟಿ ಕಟ್ಟಿ ಅವರ ಕೈ ಪಳಗಿತ್ತು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಅದರಲ್ಲಿ ಬಿಗಿದರೆ ಗಂಟು ಅಲ್ಲಾಡುತ್ತಿರಲಿಲ್ಲ. ಪ್ರತಿ ವರ್ಷ ರಾಮನಾಥಪುರದ ಹರಾಜು ಮುಗಿದು ಕಡೆಯ ಬೇಲು ಮನೆಯಿಂದ ಹೋಯಿತು ಎಂದರೆ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ವರ್ಷವೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿಯ ಮುಂದೆ ಬೆಂದ ಮನುಷ್ಯ, ಎಂಟು ಹತ್ತು ದಿನ ಗಾಳಿ ಕುಡಿದು ಬರುತ್ತಿದ್ದರು. ಹೊಳೆನರಸೀಪುರ, ಚನ್ನರಾಯಪಟ್ಟಣ, ಅಲ್ಲಿಂದ ಮೇಲಕ್ಕೆ. ಕಟ್ಟುವುದು ಅವರು, ಚೀಲದೊಳಗೆ ತುಂಬುವುದು ನಾನು. ನಲವತ್ತಕ್ಕೂ ಹೆಚ್ಚು ವರ್ಷ ಹೀಗೆ ತುಂಬಿದ್ದೇನೆ. ಹಾಗೆ ಬಂದದ್ದು ನನ್ನ ಈ ಪಾಂಡಿತ್ಯ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ.

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು "ಬ್ಯಾಡ" ಅನ್ನಬೇಕು. ಊಟಕ್ಕೆ ಕೂತಾಗ ನೋಡಿ. ಪಾಯಸದ ಸೌಟು ಬಂದರೆ ಎಲೆಗೆ ಕೈ ಅಡ್ಡ ಇಡುತ್ತೇವೆ. ಬಡಿಸುವವರು "ಇರ್ಲಿ ಇರ್ಲಿ" ಎನ್ನುತ್ತಾರೆ. ಎರಡನೇ ಸಲ ಕೈ ಸ್ವಲ್ಪ ಸರಿಯುತ್ತದೆ. ಮೂರನೇ ಸಲ ಬೆರಳ ಸಂದಿಯಿಂದಲೇ ಪಾಯಸ ಎಲೆಗೆ ಬೀಳುತ್ತದೆ. ಮೊದಲ ಬ್ಯಾಡ ಬರೀ ಮಾತಿಗೆ ಎಂದು ಮೂವರಿಗೂ ಗೊತ್ತು, ತಿನ್ನುವವರಿಗೆ, ಬಡಿಸುವವರಿಗೆ, ಪಕ್ಕದಲ್ಲಿ ಕೂತವರಿಗೆ. ಮೊದಲ ಸಲಕ್ಕೇ ಹೂಂ ಎಂದವಳು ಆಸೆಬುರುಕಿ. ನನ್ನ ಅವ್ವ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನು. ನಾನು ಜಾಣೆ, ಚೆನ್ನಾಗಿ ಕಲಿತೆ.

ಮದುವೆಯಾದ ಎರಡನೇ ವರ್ಷ. ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಹರಾಜು ಮುಗಿದಿತ್ತು. ನಿಮ್ಮ ತಾತ ಅಡುಗೆ ಮನೆಯ ಬಾಗಿಲಿಗೆ ಬಂದು, ಹೊಸ್ತಿಲ ಆಚೆಯೇ ನಿಂತು, ಬಾಗಿಲವಾಡ ನೋಡಿಕೊಂಡು ಕೇಳಿದರು: "ನಾಳಿದ್ದು ಬಿಜಾಪುರದ ಕಡೀಕೆ ಒಂಟಿದೀನಿ. ನೀನೂ ಬತ್ತೀಯಾ?"

ನಡುಮನೆಯಲ್ಲಿ ನನ್ನ ಅತ್ತೆ ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಯ ಸದ್ದು ನಿಂತಿತು. ನನ್ನ ಬಾಯಿ ತಾನಾಗಿಯೇ ಹೇಳಿತು: "ಅಯ್ಯೋ, ನಾನ್ಯಾಕೆ? ನೀವು ಓಗ್ಬನ್ನಿ."

"ಊಂ, ಸರಿ," ಎಂದು ಅವರು ಹೊರಟೇಹೋದರು.

ಪಾಯಸ ಬಡಿಸುವಾಗ ಮೂರು ಸಲ ಬಲವಂತ ಮಾಡುವ ಮನುಷ್ಯ. ಹೆಂಡತಿಯನ್ನು ಬಲವಂತ ಮಾಡಬಾರದು ಎಂದುಕೊಂಡರೋ, ತಮ್ಮ ಅವ್ವ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾಚಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೂ ಎರಡು ದಿನ ಇದೆಯಲ್ಲ, ಮತ್ತೆ ಕೇಳುತ್ತಾರೆ ಎಂದು ನಾನು ಕಾದೆ. ಕಾಯುತ್ತಲೇ ಚೀಲ ತುಂಬಿದೆ. ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು, ಅವರ ಎರಡು ಜೊತೆ ಬಟ್ಟೆ, ಒಂದು ಕಂಬಳಿ. ಎಲ್ಲಕ್ಕಿಂತ ತಳದಲ್ಲಿ, ಯಾರಿಗೂ ಕಾಣದ ಹಾಗೆ, ನನ್ನ ನೀಲಿ ಸೀರೆಯೊಂದನ್ನು ಮಡಿಸಿ ಇಟ್ಟೆ. ಕಡೇ ಗಳಿಗೆಯಲ್ಲಿ "ನಡಿ, ಬಾ" ಎಂದರೆ ಒಳಗೆ ಓಡಿ ಬಟ್ಟೆ ಹುಡುಕುವ ಗೋಜು ಬೇಡವಲ್ಲ!

ಹೊರಡುವ ಬೆಳಿಗ್ಗೆ ತಲೆ ಬಾಚಿ, ಹೂವು ಮುಡಿದು, ಏನೋ ಕೆಲಸವಿರುವವಳ ಹಾಗೆ ಜಗಲಿಯ ಕಂಬದ ಹತ್ತಿರ ನಿಂತಿದ್ದೆ. ಅವರು ಚೀಲವನ್ನು ತಂದು ಹಿಂದಿನ ಸೀಟಿನ ಮೇಲಿಟ್ಟು, ಟ್ಯೂಬಿನಲ್ಲಿ ಸುತ್ತಿ, ಮೊಣಕಾಲು ಒತ್ತಿ ಬಿಗಿದರು. ಅಲ್ಲಾಡಿಸಿ ನೋಡಿದರು. ನನ್ನನ್ನೂ ಒಂದು ಸಲ ನೋಡಿದರು. "ಮನೆ ಕಡೆ ನೋಡ್ಕೋ," ಎಂದು ಗಾಡಿ ಒದ್ದರು.

ಹತ್ತು ದಿನದ ಮೇಲೆ ಬಂದರು, ಮುಖ ಕೆಂಪು ಮಣ್ಣಾಗಿತ್ತು. ಊಟಕ್ಕೆ ಕೂತು ಗೋಲಗುಂಬಜಿನ ಸುದ್ದಿ ಹೇಳಿದರು. "ಅಲ್ಲಿ ಮೇಲೆ ನಿಂತ್ಕಂಡು ಒಂದು ಸಲ ಏನಾರ ಅಂದ್ರೆ ಏಳು ಸಲ ಕೇಳ್ತದೆ ಕಣೆ!" ನಾನು ಸಾರು ಬಡಿಸುತ್ತಾ, ಏಳು ಯಾಕೆ, ಎರಡು ಸಲ ಕೇಳಿದ್ದರೆ ನನಗೆ ಸಾಕಿತ್ತಲ್ಲ ಎಂದುಕೊಂಡೆ. ಕೈ ತೊಳೆದು ಬಂದು ಅವರೇ ಚೀಲದಿಂದ ನನ್ನ ಸೀರೆ ತೆಗೆದುಕೊಟ್ಟರು. "ನಿನ್ ಸೀರೆ ತಪ್ಪಿ ಇದರೊಳಕ್ಕೆ ಸೇರ್ಕಂಡಿತ್ತು. ಬಾದಾಮಿ ಛತ್ರದಲ್ಲಿ ಚಳಿ ತಡೀನಾರದೆ ಕಂಬಳಿ ಮೇಲೆ ಅದನ್ನೂ ಒದ್ಕಂಡೆ. ಬೆಚ್ಚಗಿತ್ತು," ಎಂದು ನಕ್ಕರು. ನಡುಮನೆಯಿಂದ ಅತ್ತೆ, "ಏನು ಮರೆವೋ ಈ ಉಡುಗಿಗೆ!" ಎಂದರು. ನಾನೂ ನಕ್ಕೆ. ನನ್ನ ಸೀರೆ ಬಿಜಾಪುರ ನೋಡಿ ಬಂತು. ನಾನು ಇಲ್ಲಿಯೇ ಇದ್ದೆ.

ಮುಂದಿನ ವರ್ಷ ಅವರು ಕೇಳಲಿಲ್ಲ. ಬರಲು ಇಷ್ಟವಿಲ್ಲದವಳನ್ನು ಪದೇ ಪದೇ ಯಾಕೆ ಕೇಳಬೇಕು ಎಂದು ಇದ್ದಿರಬೇಕು. ಆಮೇಲೆ ನಿಮ್ಮ ಅಪ್ಪ ಹುಟ್ಟಿದ, ಹಸು ಬಂತು, ಅತ್ತೆ ಹಾಸಿಗೆ ಹಿಡಿದರು. ಪ್ರತಿ ವರ್ಷವೂ ನಾನು ಚೀಲ ತುಂಬಿಕೊಟ್ಟೆ, ವರ್ಷದಿಂದ ವರ್ಷಕ್ಕೆ ಚೆನ್ನಾಗಿ. ಸೀರೆ ಮಾತ್ರ ಮತ್ತೆ ಇಡಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಎದೆನೋವು ಬಂದು ಒಂದೇ ದಿನದಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಒಂದು ಗಳಿಗೆ ಇಬ್ಬರೇ ಇದ್ದೆವು. ಆಗಲಾದರೂ ಹೇಳಬಹುದಿತ್ತು, ಆ ಸೀರೆ ತಪ್ಪಿ ಸೇರಿದ್ದಲ್ಲ ಎಂದು. "ನೀರು ಬೇಕಾ?" ಎಂದು ಕೇಳಿದೆ. ಅವರು "ಬ್ಯಾಡ" ಎಂದರು. ನಾನು ಎರಡನೇ ಸಲ ಕೇಳಿದೆ. ಕುಡಿದರು.

ಸಾಮಾನಿನ ಪುಸ್ತಕ ಯಾರಾದರೂ ಬರೆದರೆ ಇದನ್ನೂ ಸೇರಿಸಲಿ ಎನ್ನಿಸುತ್ತದೆ: ಬಹಳ ಬೇಕಾದದ್ದನ್ನು ತಳದಲ್ಲಿ ಇಡಬೇಡಿ. ತೆರೆದು ನೋಡುವವರು ಅಷ್ಟು ಆಳಕ್ಕೆ ಕೈ ಹಾಕುವ ಹೊತ್ತಿಗೆ ಗಾಡಿ ಬಹಳ ದೂರ ಹೋಗಿರುತ್ತದೆ.

ಈಗ ಭವ್ಯಳ ವಿಷಯಕ್ಕೆ ಬರುತ್ತೇನೆ. ಚಿತ್ರ ತೋರಿಸುತ್ತಾ ತೋರಿಸುತ್ತಾ ಅವಳು ಸುಮ್ಮನೆ ತಮಾಷೆಗೆ, "ಅಜ್ಜಿ, ನೀನೂ ಬಂದ್ಬಿಡು," ಎಂದಳು. "ಅಯ್ಯೋ, ನಾನ್ಯಾಕೆ?" ಎಂದಿತು ನನ್ನ ಬಾಯಿ. ನಲವತ್ತೇಳು ವರ್ಷ ಕಳೆದರೂ ಅದಕ್ಕೆ ಬುದ್ಧಿ ಬಂದಿರಲಿಲ್ಲ. ಅವಳಾಗಲೇ ಮುಂದಿನ ಚಿತ್ರಕ್ಕೆ ಹೋಗಿದ್ದಳು. ಹಿಂದಿನ ಸೀಟನ್ನು ಪೂರಾ ತುಂಬುವ ದೊಡ್ಡ ಉದ್ದ ಚೀಲ. "ಇದು ಚೆನ್ನಾಗಿದೆ ಅಲ್ವಾ?" ಎಂದು ಕೇಳಿದಳು. ಚೆನ್ನಾಗಿಯೇ ಇತ್ತು.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನನ್ನ ಸೊಂಟಕ್ಕೆ ಆಪರೇಷನ್ ಆಗಿ ಎರಡು ವರ್ಷವಾಯಿತು, ವಯಸ್ಸು ಅರವತ್ತೈದು ದಾಟಿತು, ಇದೆಲ್ಲ ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಈ ಸಲವೂ ಬಾಯಿ ಮುಚ್ಚಿಕೊಂಡು ಚೀಲ ತುಂಬಿಕೊಟ್ಟರೆ, ಆಮೇಲೆ ನನ್ನನ್ನು ಕೇಳುವವರು ಯಾರೂ ಉಳಿದಿರುವುದಿಲ್ಲ ಎನ್ನಿಸಿತು. ಮೂರನೇ ದಿನ ಬೆಳಿಗ್ಗೆ ಅವಳು ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದಾಗ ಹೋಗಿ ಹೇಳಿದೆ.

"ನಾನೂ ಬತ್ತೀನಿ ಕಣೆ."

"ಎಲ್ಲಿಗೆ ಅಜ್ಜಿ?"

"ಬಿಜಾಪುರಕ್ಕೆ. ನಂಗೆ ಆಸೆ ಅದೆ."

ಅವಳು ಬಾಯಿ ತೊಳೆದುಕೊಂಡು ಬಂದಳು. ನಗಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಅಜ್ಜಿ, ದಿನಕ್ಕೆ ಆರೇಳು ಗಂಟೆ ಕೂರಬೇಕು. ನಿನ್ನ ಸೊಂಟಕ್ಕೆ ಆಗಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಪ್ಪ ನನ್ನನ್ನ ಬಿಡ್ತಾರಾ? ಆಗಲ್ಲ ಅಜ್ಜಿ."

ಮಕ್ಕಳೇ, ಬಾಯಿ ಬಿಟ್ಟು ಕೇಳಿದರೆ ಹೀಗೆ ಇಲ್ಲ ಅನ್ನಿಸಿಕೊಳ್ಳಬೇಕಾಗುತ್ತದೆ ಎಂದೇ ನಾನು ಬದುಕೆಲ್ಲ ಹೆದರಿದ್ದು. ಅನ್ನಿಸಿಕೊಂಡೆ. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ ಒಳಗೆ ಹೋಗಿ ಉಪ್ಪಿಟ್ಟು ಮಾಡಿದೆ, ಎರಡು ಸಲ ಹಾಕಿಕೊಂಡು ತಿಂದೆ. ಅದು ನೋಯಿಸಿತು, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಬೆಳಗಿನ ನೋವು ಅದು. ಬಾಯಿ ಬಿಡದ ಇನ್ನೊಂದು ನೋವಿನ ಜೊತೆ ನಾನು ಮನೆ ಮಾಡಿಕೊಂಡು ಇದ್ದೇನೆ.

ಸಂಜೆ ಭವ್ಯ ತಾನೇ ಬಂದಳು. "ಹೊಳೆನರಸೀಪುರದವರೆಗೆ ಬಾ ಅಜ್ಜಿ. ಒಂದು ಗಂಟೆ ದಾರಿ, ನಿಧಾನವಾಗಿ ಹೋಗೋಣ. ಅಲ್ಲಿ ಬಸ್ಸು ಹತ್ತಿಸ್ತೀನಿ."

ಹಾಗೆಯೇ ಹೋದೆವು. ನಿಮ್ಮ ಅಪ್ಪನ ಹೆಲ್ಮೆಟ್ಟು ಹಾಕಿ, ಜಗಲಿಯ ಮೇಲಿಂದ ಗಾಡಿಗೆ ನನ್ನನ್ನು ಹತ್ತಿಸಿದಳು. ಅವಳು ತರಿಸಿಕೊಂಡಿದ್ದ ಜೋಡಿ ಚೀಲ ಎರಡು ಕಡೆ, ಉದ್ದ ಚೀಲ ಅವಳ ಮುಂದೆ ಟ್ಯಾಂಕಿನ ಮೇಲೆ. ಅರಕಲಗೂಡು ದಾಟುವವರೆಗೆ ಕಂಬಿ ಹಿಡಿದಿದ್ದೆ, ಆಮೇಲೆ ಅವಳ ಹೆಗಲ ಮೇಲೆ ಕೈ ಇಟ್ಟೆ. ಗಾಳಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಶುಂಠಿ ಹೊಲಗಳ ವಾಸನೆ ಬಂತು. ಉದ್ದದ ದಾರಿಯಲ್ಲಿ ಮುಂದೆ ಕೂತವರ ಬೆನ್ನು ಎಷ್ಟು ಹತ್ತಿರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟೊಂದು ಮಾತು ಆಡಬಹುದಿತ್ತು, ಮುಖ ನೋಡುವ ನಾಚಿಕೆಯೂ ಇಲ್ಲದೆ! ಅದು ಹೊಳೆದ ಮೇಲೆ ಹೊಳೆನರಸೀಪುರ ಬರುವವರೆಗೂ ಅಳುತ್ತಲೇ ಇದ್ದೆ. ಹೆಲ್ಮೆಟ್ಟಿನೊಳಗೆ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಬಹಳ ಅನುಕೂಲದ ಸಾಮಾನು ಅದು.

ಬಸ್ ಸ್ಟಾಂಡಿನಲ್ಲಿ ಇಳಿದೆ. ನಾನು ಕೂತಿದ್ದ ಜಾಗಕ್ಕೆ ಭವ್ಯ ಉದ್ದ ಚೀಲ ಬಿಗಿದಳು. ಎಡಗಡೆ ತುಸು ಭಾರವಿತ್ತು, ಹೇಳಿದೆ, ಸರಿ ಮಾಡಿದಳು. ಚನ್ನರಾಯಪಟ್ಟಣದ ದಾರಿಯಲ್ಲಿ ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ಅರಕಲಗೂಡಿನ ಬಸ್ಸು ಹತ್ತಿದೆ. ಹೆಲ್ಮೆಟ್ಟನ್ನು ಕಂಕುಳಲ್ಲಿ ನೀರಿನ ಕೊಡ ಹಿಡಿದಂತೆ ಇಟ್ಟುಕೊಂಡಿದ್ದೆ. ಕಂಡಕ್ಟರು ನೋಡಿ, "ಏನಜ್ಜಿ, ಗಾಡಿ ಎಲ್ಲಿ ಬಿಟ್ಟು ಬಂದ್ರಿ?" ಎಂದ. ಬಸ್ಸೆಲ್ಲ ನಕ್ಕಿತು. "ಬಿಜಾಪುರಕ್ಕೆ ಓಗ್ಯದೆ ಕಣಪ್ಪ," ಎಂದೆ. ಇನ್ನೂ ನಕ್ಕರು.

ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ನನ್ನ ಮುಖ ನೋಡಿ, "ಈ ಕಡೀಕೆ ಕೂತ್ಕತೀರಾ ಅವ್ವ, ಗಾಳಿ ಬತ್ತದೆ?" ಎಂದು ಕೇಳಿದಳು.

"ಊಂ ಕಣವ್ವ," ಎಂದು, ಅವಳು ಏಳುವ ಮೊದಲೇ ನಾನು ಸೆರಗು ಸಿಕ್ಕಿಸಿಕೊಂಡೆ.